ಗುರುವಾರದ ಸಭೆಗೆ ತೊಂಬತ್ತು ವರ್ಷ: ಲಾಸ್ ಏಂಜಲಿಸ್ ವಿಜ್ಞಾನ ಕಥಾಸಕ್ತರ ಸಂಘ ನಡೆದುಬಂದ ದಾರಿ

ಅಮೆರಿಕದ ಪಶ್ಚಿಮ ಕರಾವಳಿಯ ಲಾಸ್ ಏಂಜಲಿಸ್ ನಗರದಲ್ಲಿ 1934ರ ಅಕ್ಟೋಬರ್ 27ರಂದು ಬೆರಳೆಣಿಕೆಯ ತರುಣ ಓದುಗರು ಸೇರಿ ನಡೆಸಿದ ಸಭೆಯೊಂದರಿಂದ ಆರಂಭವಾದ ‘ಲಾಸ್ ಏಂಜಲಿಸ್ ಸೈನ್ಸ್ ಫ್ಯಾಂಟಸಿ ಸೊಸೈಟಿ’, 2024ರ ಅಕ್ಟೋಬರ್‌ನಲ್ಲಿ ತೊಂಬತ್ತು ವರ್ಷಗಳನ್ನು ಪೂರೈಸಿದೆ. ಸದಸ್ಯರು ಇದನ್ನು ಚುಟುಕಾಗಿ ‘ಲಾಸ್‌ಫಸ್’ ಎಂದು ಕರೆಯುತ್ತಾರೆ. ವಿಜ್ಞಾನ ಕಥೆಗಳ ಓದುಗರೇ ಕಟ್ಟಿಕೊಂಡ ಸಂಘಗಳ ಪೈಕಿ ಎಡೆಬಿಡದೆ ನಡೆದುಬಂದಿರುವ ಅತ್ಯಂತ ಹಳೆಯದು ಎಂಬ ಮನ್ನಣೆ ಇದಕ್ಕಿದೆ. ಕನ್ನಡನಾಡಿನಲ್ಲಿ ಅಭಿಮಾನಿಗಳ ಸಂಘವೆಂದರೆ ಚಿತ್ರನಟರೊಬ್ಬರ ಸುತ್ತ ಕಟ್ಟಿದ ಸಂಘಟನೆಯೇ ಮೊದಲು ನೆನಪಿಗೆ ಬರುವುದರಿಂದ, ಇಲ್ಲಿನ ಅಭಿಮಾನ ಒಬ್ಬ ವ್ಯಕ್ತಿಯ ಮೇಲಿನದಾಗಿರದೆ ಒಂದು ಸಾಹಿತ್ಯ ಪ್ರಕಾರದ ಮೇಲಿನದು ಎಂಬುದನ್ನೂ, ಇಲ್ಲಿ ಓದುಗನಾಗಿ ಬಂದವನೇ ಪತ್ರಿಕೆ ಹೊರಡಿಸುವವನೂ ಸಮ್ಮೇಳನ ನಡೆಸುವವನೂ ಎಷ್ಟೋ ಬಾರಿ ಹೆಸರಾಂತ ಲೇಖಕನೂ ಆಗಿ ಬೆಳೆದನೆಂಬುದನ್ನೂ ಮೊದಲೇ ಹೇಳುವುದು ಉಚಿತ.

ಹಿನ್ನೆಲೆ: 1926–1934

ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆಯೆಂದು ಅದನ್ನು ಗುರುತಿಸಲಾಗುತ್ತದೆ. ಈ ಪತ್ರಿಕೆಯಲ್ಲಿ ಓದುಗರ ಪತ್ರಗಳೊಂದಿಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚುಮಾಡುವ ರೂಢಿಯಿತ್ತು. ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದವರು ಆ ವಿಳಾಸಗಳ ನೆರವಿನಿಂದ ಪರಸ್ಪರ ಪತ್ರ ಬರೆಯತೊಡಗಿದರು. ಇಂದು ಜಗತ್ತಿನಾದ್ಯಂತ ಹರಡಿರುವ ವಿಜ್ಞಾನ ಕಥಾಸಕ್ತರ ಬಳಗ ಮೂಡಿದ್ದು ಹೆಚ್ಚಿನ ಮಟ್ಟಿಗೆ ಈ ಸಣ್ಣ ಮುದ್ರಣ ರೂಢಿಯಿಂದಲೇ. ಅಗ್ಗದ ಕಾಗದದಲ್ಲಿ ಅಚ್ಚಾಗಿ, ಕಣ್ಣು ಕುಕ್ಕುವ ಮುಖಪುಟ ಹೊತ್ತು ಬರುತ್ತಿದ್ದ ಈ ಪತ್ರಿಕೆಗಳನ್ನು ಮನೆಯ ಹಿರಿಯರೂ ಶಾಲೆಯ ಅಧ್ಯಾಪಕರೂ ಹಗುರವಾಗಿ ಕಾಣುತ್ತಿದ್ದ ಕಾಲವದು. ಅಂತರಗ್ರಹ ಯಾನದ ಬಗೆಗೆ ಗಂಭೀರವಾಗಿ ಮಾತನಾಡಬೇಕೆಂದು ಹಂಬಲಿಸುವ ಹದಿನಾರರ ಹುಡುಗನಿಗೆ ತನ್ನ ಬೀದಿಯಲ್ಲಿ ಜೊತೆಗಾರರು ಸಿಗುತ್ತಿರಲಿಲ್ಲವಾದ್ದರಿಂದ, ಅವನ ಪಾಲಿಗೆ ಪತ್ರಿಕೆಯ ಪತ್ರವಿಭಾಗವೇ ಏಕೈಕ ಸಭೆಯಾಗಿತ್ತು.

ಈ ಹಂಬಲವನ್ನು ಗುರುತಿಸಿದ ಗರ್ನ್ಸ್‌ಬ್ಯಾಕ್, 1934ರಲ್ಲಿ ತಮ್ಮ ಇನ್ನೊಂದು ಪತ್ರಿಕೆಯಾದ ‘ವಂಡರ್ ಸ್ಟೋರೀಸ್’ ಮೂಲಕ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಒಕ್ಕೂಟವನ್ನು ಪ್ರಕಟಿಸಿದರು. ಹದಿಹರೆಯದಲ್ಲಿಯೇ ಆ ಪತ್ರಿಕೆಯ ಸಂಪಾದಕನಾಗಿದ್ದ ಚಾರ್ಲ್ಸ್ ಹಾರ್ನಿಗ್ ಈ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟರು. ಯಾವುದೇ ಊರಿನಲ್ಲಿ ಕೆಲವರು ಸೇರಿ ಅರ್ಜಿ ಹಾಕಿದರೆ ಅವರಿಗೆ ಕ್ರಮಸಂಖ್ಯೆಯ ಶಾಖೆಯೊಂದನ್ನು ಮಂಜೂರು ಮಾಡಲಾಗುತ್ತಿತ್ತು. ಪತ್ರಿಕೆಯ ಮಾರಾಟ ಹೆಚ್ಚಿಸುವ ವ್ಯಾಪಾರೀ ಉದ್ದೇಶವೂ ಇದರ ಹಿಂದೆ ಇತ್ತಾದರೂ, ಅದರಿಂದ ಓದುಗರಿಗೆ ದೊರೆತದ್ದು ವ್ಯಾಪಾರಕ್ಕಿಂತ ಬಹಳ ದೊಡ್ಡದು. ಲಾಸ್ ಏಂಜಲಿಸ್‌ಗೆ ಸಿಕ್ಕಿದ್ದು ನಾಲ್ಕನೆಯ ಸಂಖ್ಯೆಯ ಶಾಖೆ.

ಕ್ಯಾಫೆಟೇರಿಯಾದ ಕಂದು ಕೋಣೆ: 1934–1940

ಶಾಖೆ ಹುಟ್ಟಿದ ವರ್ಷಗಳು ಮಹಾ ಆರ್ಥಿಕ ಕುಸಿತದ ವರ್ಷಗಳು. ಕೆಲಸವಿಲ್ಲದ, ಕೈಯಲ್ಲಿ ಕಾಸಿಲ್ಲದ ತರುಣರು ಬಾಡಿಗೆ ಕೊಟ್ಟು ಸಭಾಂಗಣ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಆಗ ಅವರಿಗೆ ಒದಗಿ ಬಂದದ್ದು ನಗರದ ನಡುವಿನ ಬ್ರಾಡ್‌ವೇ ಬೀದಿಯಲ್ಲಿದ್ದ ಕ್ಲಿಫ್ಟನ್ಸ್ ಕ್ಯಾಫೆಟೇರಿಯಾ, ಅಂದರೆ ಗಿರಾಕಿಗಳು ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳುವ ಊಟದ ಮನೆ. ಅದರ ಒಡೆಯ ಕ್ಲಿಫರ್ಡ್ ಕ್ಲಿಂಟನ್, ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಹಸಿದು ಹಿಂದಿರುಗಬಾರದೆಂಬ ನಿಯಮವನ್ನು ಇಟ್ಟುಕೊಂಡಿದ್ದವರು. ಆ ಕಟ್ಟಡದ ‘ಕಂದು ಕೋಣೆ’ ಎಂಬ ಪುಟ್ಟ ಕೊಠಡಿಯಲ್ಲಿ ಸಂಘದ ಸಭೆಗಳು ನಡೆಯುತ್ತಿದ್ದವು. ಪುಕ್ಕಟೆ ದೊರೆಯುತ್ತಿದ್ದ ನಿಂಬೆ ಪಾನಕವನ್ನೇ ಕುಡಿದು ಸಂಜೆ ಕಳೆದವರೂ ಅಲ್ಲಿದ್ದರು. ಊಟದ ಮನೆಯೊಂದರ ಔದಾರ್ಯ ಸಾಹಿತ್ಯ ಸಂಸ್ಥೆಯೊಂದನ್ನು ಅದರ ಬಾಲ್ಯದಲ್ಲಿ ಕಾಪಾಡಿತೆಂಬುದನ್ನು ಈ ಸಂಘದ ಚರಿತ್ರೆ ಬರೆಯುವ ಯಾರೂ ಮರೆಯುವಂತಿಲ್ಲ. ಸಭೆಯ ದಿನವಾಗಿ ಗುರುವಾರ ಗಟ್ಟಿಗೊಂಡದ್ದೂ ಈ ಅವಧಿಯಲ್ಲಿಯೇ.

ಈ ಕಾಲದ ಸಂಘಕ್ಕೆ ಜೀವ ತುಂಬಿದವರಲ್ಲಿ ಫಾರೆಸ್ಟ್ ಜೆ. ಆಕರ್‌ಮನ್ ಮತ್ತು ‘ಮೊರೋಜೊ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಮರ್ಟಲ್ ಡಗ್ಲಸ್ ಮುಖ್ಯರು. ಇಬ್ಬರೂ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ನಂಬಿಕೆ ಇಟ್ಟವರು. ‘ಮೊರೋಜೊ’ ಎಂಬ ಹೆಸರೂ ಆ ಭಾಷೆಯ ಅಕ್ಷರಗಳಿಂದ ಕಟ್ಟಿದ್ದು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆದಾಗ ಇವರಿಬ್ಬರೂ ಮೊರೋಜೊ ಅವರೇ ರೂಪಿಸಿದ್ದ ಭವಿಷ್ಯಕಾಲದ ಉಡುಪು ತೊಟ್ಟು ಹೋಗಿದ್ದರು. ಇಂದು ‘ಕಾಸ್‌ಪ್ಲೇ’ ಎಂದು ಹೆಸರಾಗಿರುವ, ಕಥಾಪಾತ್ರಗಳ ವೇಷ ತೊಟ್ಟು ಸಮ್ಮೇಳನಕ್ಕೆ ಬರುವ ಪದ್ಧತಿಯ ಮೂಲವನ್ನು ಹಲವರು ಆ ಉಡುಪುಗಳಲ್ಲಿ ಕಾಣುತ್ತಾರೆ.

1937ರಲ್ಲಿ ಸಂಘಕ್ಕೆ ಬಂದು ಸೇರಿದ ಹದಿನೇಳರ ಹುಡುಗನೊಬ್ಬನಿಂದಾಗಿ ಕಂದು ಕೋಣೆಯ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿಯಿತು. ಆತ ರೇ ಬ್ರಾಡ್‌ಬರಿ. ಕಾಲೇಜಿಗೆ ಹೋಗುವ ಅನುಕೂಲವಿಲ್ಲದೆ, ಪ್ರೌಢಶಾಲೆ ಮುಗಿಸಿದ ಮೇಲೆ ಬೀದಿಯ ಮೂಲೆಯಲ್ಲಿ ದಿನಪತ್ರಿಕೆ ಮಾರಿ ಬದುಕುತ್ತ, ಸಾರ್ವಜನಿಕ ಗ್ರಂಥಾಲಯದಲ್ಲಿ ಓದಿ ಬೆಳೆದ ಈ ತರುಣನಿಗೆ ಸಂಘವೇ ವಿದ್ಯಾಲಯವಾಯಿತು. ಅಚ್ಚಾದ ಅವನ ಮೊದಲ ಕಥೆ ಬಂದದ್ದು ಸಂಘದವರು ಹೊರಡಿಸುತ್ತಿದ್ದ ‘ಇಮ್ಯಾಜಿನೇಷನ್!’ ಪತ್ರಿಕೆಯ 1938ರ ಜನವರಿ ಸಂಚಿಕೆಯಲ್ಲಿ. ನ್ಯೂಯಾರ್ಕ್ ಸಮ್ಮೇಳನಕ್ಕೆ ಹೋಗಿಬರಲೂ, ‘ಫ್ಯೂಚೂರಿಯಾ ಫ್ಯಾಂಟೇಸಿಯಾ’ ಎಂಬ ಸ್ವಂತ ಪತ್ರಿಕೆ ಹೊರಡಿಸಲೂ ಅವನಿಗೆ ಹಣದ ನೆರವು ನೀಡಿದವರು ಆಕರ್‌ಮನ್. ರಾಬರ್ಟ್ ಹೈನ್‌ಲೈನ್, ಹೆನ್ರಿ ಕಟ್ನರ್, ಲೀ ಬ್ರ್ಯಾಕೆಟ್ ಮೊದಲಾದ ಲೇಖಕರು ಅದೇ ಬಳಗದಲ್ಲಿ ಓಡಾಡುತ್ತಿದ್ದುದರಿಂದ ಹಸ್ತಪ್ರತಿ ತೋರಿಸಿ ತಿದ್ದಿಸಿಕೊಳ್ಳಲು ಬ್ರಾಡ್‌ಬರಿಗೆ ಗುರುಗಳು ದೊರೆತರು. ‘ಫ್ಯಾರೆನ್‌ಹೈಟ್ 451’ರ ಲೇಖಕನ ಅಭ್ಯಾಸದ ದಿನಗಳು ಹೀಗೆ ಸಂಘದ ಗುರುವಾರಗಳಲ್ಲಿ ಕಳೆದವು.

ಆ ಪತ್ರಿಕೆಗಳ ಬಗೆಗೂ ಒಂದು ಮಾತು ಹೇಳಬೇಕು. ಅವನ್ನು ‘ಫ್ಯಾನ್‌ಜೀನ್’ ಎನ್ನುತ್ತಾರೆ. ಅಂದರೆ ಲಾಭದ ಆಸೆಯಿಲ್ಲದೆ ಅಭಿಮಾನಿಗಳೇ ಬರೆದು, ಮೇಣಕಾಗದದ ಮೇಲೆ ಬೆರಳಚ್ಚು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಅಂಚೆಯಲ್ಲಿ ಹಂಚುವ ಪತ್ರಿಕೆ. ನಮ್ಮಲ್ಲಿ ಕಾಲೇಜುಗಳ ಸಾಹಿತ್ಯ ಸಂಘಗಳು ಗೋಡೆಪತ್ರಿಕೆ, ಕೈಬರಹದ ಪತ್ರಿಕೆಗಳಿಂದ ಪಡೆದ ಪ್ರಯೋಜನವನ್ನೇ ಅವರು ಇವುಗಳಿಂದ ಪಡೆದರು.

ಬಿಕ್ಸೆಲ್ ಬೀದಿ ಮತ್ತು ಯುದ್ಧದ ವರ್ಷಗಳು: 1940–1948

ಗರ್ನ್ಸ್‌ಬ್ಯಾಕ್ 1936ರಲ್ಲಿ ‘ವಂಡರ್ ಸ್ಟೋರೀಸ್’ ಪತ್ರಿಕೆಯನ್ನು ಮಾರಿದ ಮೇಲೆ ಮಾತೃ ಒಕ್ಕೂಟ ಸೊರಗುತ್ತ ಹೋಯಿತು. ಎಷ್ಟೋ ಊರುಗಳಲ್ಲಿ ಶಾಖೆಗಳು ಹೇಳಹೆಸರಿಲ್ಲದೆ ಹೋದವು. ಲಾಸ್ ಏಂಜಲಿಸ್ ಶಾಖೆ ಮಾತ್ರ 1940ರಲ್ಲಿ ಈಗಿನ ಹೆಸರನ್ನು ಧರಿಸಿ ಸ್ವತಂತ್ರ ಸಂಘವಾಯಿತು. ತಾಯಿಸಂಸ್ಥೆ ಇಲ್ಲವಾದ ಮೇಲೂ ಶಾಖೆ ಬದುಕಿತೆಂದರೆ, ಅದರ ಬೇರು ಪತ್ರಿಕೆಯ ಹಂಗಿನಲ್ಲಿರದೆ ಸದಸ್ಯರ ಒಡನಾಟದಲ್ಲಿತ್ತೆಂದೇ ತಿಳಿಯಬೇಕು.

ಇದೇ ದಶಕದಲ್ಲಿ ಸಂಘ ಸೌತ್ ಬಿಕ್ಸೆಲ್ ಬೀದಿಯಲ್ಲಿ ಬಾಡಿಗೆಯ ಕೊಠಡಿಯೊಂದನ್ನು ಹಿಡಿಯಿತು. ಪುಸ್ತಕಗಳನ್ನೂ ಸೈಕ್ಲೋಸ್ಟೈಲ್ ಯಂತ್ರವನ್ನೂ ಕಾಯಂ ಆಗಿ ಇಡಲು ಒಂದು ಸ್ಥಳ ದೊರೆತದ್ದರಿಂದ ವಾರದ ಯಾವ ದಿನವಾದರೂ ಅಲ್ಲಿ ಯಾರಾದರೊಬ್ಬರು ಪುಟ ಅಚ್ಚುಮಾಡುತ್ತ ಕುಳಿತಿರುವುದು ಸಾಮಾನ್ಯವಾಯಿತು. ಸಂಘದ ಮುಖಪತ್ರಿಕೆ ‘ಶಾಂಗ್ರಿ-ಲಾಫೇರ್ಸ್’ ಬೆಳೆದದ್ದು ಇಲ್ಲಿಯೇ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಅನೇಕ ಸದಸ್ಯರು ಸೇನೆಗೆ ಸೇರಿದರು. ಆಕರ್‌ಮನ್ ಕೂಡ ಸಮೀಪದ ಸ್ಯಾನ್ ಪೆಡ್ರೊದ ಸೇನಾ ನೆಲೆಯಲ್ಲಿದ್ದು ಅಲ್ಲಿನ ಪತ್ರಿಕೆಯನ್ನು ಸಂಪಾದಿಸುತ್ತಿದ್ದರು. ಪೆಸಿಫಿಕ್ ರಣರಂಗಕ್ಕೆ ಹೊರಟ ಇತರ ಊರುಗಳ ಅಭಿಮಾನಿ ಸೈನಿಕರಿಗೆ ಬಿಕ್ಸೆಲ್ ಬೀದಿಯ ಕೊಠಡಿ ತಂಗುವ ಪರಿಚಿತ ತಾಣವಾಯಿತು.

ಒಂದೇ ಕೊಠಡಿಯಲ್ಲಿ ದಿನವೂ ಸೇರುವ ಹುರುಪಿನ ತರುಣರ ನಡುವೆ ಅಭಿಪ್ರಾಯಭೇದ ತಲೆದೋರುವುದು ಸಹಜ. 1940ರ ದಶಕದ ನಡುಭಾಗದಲ್ಲಿ ಸಂಘದ ಗುರಿ ಸಾಹಿತ್ಯ ಚರ್ಚೆಯೋ ಸ್ನೇಹಕೂಟವೋ ಎಂಬ ಪ್ರಶ್ನೆಯೂ ವೈಯಕ್ತಿಕ ಭಿನ್ನತೆಗಳೂ ಸೇರಿ ಕೆಲವರು ಹೊರನಡೆದು, ಲೇಖನಗಳ ಮೂಲಕ ಸಂಘವನ್ನು ಕಟುವಾಗಿ ವಿಮರ್ಶಿಸಿದ್ದೂ ಉಂಟು. ಆದರೆ ಆ ಬಿರುಸಿನ ನಡುವೆಯೂ ವಾರದ ಸಭೆ ನಿಲ್ಲಲಿಲ್ಲ. ಆ ವಿಮರ್ಶೆಯ ಬರಹಗಳು ಕೂಡ ಇಂದು ಆ ಕಾಲದ ಬದುಕನ್ನು ಅರಿಯಲು ಆಕರಗಳಾಗಿ ಉಪಯೋಗವಾಗುತ್ತಿವೆ.

ಸಮ್ಮೇಳನಗಳ ಹೊಣೆ: 1946–1964

ಲಾಸ್ ಏಂಜಲಿಸ್‌ನಲ್ಲಿ 1942ರಲ್ಲಿ ನಡೆಯಬೇಕಾಗಿದ್ದ ವಿಶ್ವ ಸಮ್ಮೇಳನ ಯುದ್ಧದಿಂದಾಗಿ ಮುಂದಕ್ಕೆ ಹೋಗಿ 1946ರ ಜುಲೈನಲ್ಲಿ ‘ಪೆಸಿಫಿಕಾನ್’ ಎಂಬ ಹೆಸರಿನಲ್ಲಿ ನೆರವೇರಿತು. ಎ. ಇ. ವ್ಯಾನ್ ವೋಗ್ಟ್ ಮತ್ತು ಅವರ ಪತ್ನಿ ಇ. ಮೇನ್ ಹಲ್ ಗೌರವ ಅತಿಥಿಗಳಾಗಿದ್ದರು. ಹಿಂದಿನ ವರ್ಷವಷ್ಟೇ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಿತ್ತು. ಮಕ್ಕಳ ಕಾಲಹರಣವೆಂದು ತಳ್ಳಿಹಾಕಲಾಗಿದ್ದ ಕಥೆಗಳು ಮನುಕುಲದ ಅಳಿವು ಉಳಿವಿನ ಪ್ರಶ್ನೆಗಳನ್ನು ಮೊದಲೇ ಎತ್ತಿದ್ದವೆಂಬ ಅರಿವು ಹೊರಗಿನ ಜಗತ್ತಿಗೆ ಉಂಟಾಗತೊಡಗಿದ್ದ ಕಾಲವಾದ್ದರಿಂದ, ಈ ಸಮ್ಮೇಳನಕ್ಕೆ ಯುದ್ಧಪೂರ್ವದ ಸಮ್ಮೇಳನಗಳಿಗೆ ಇರದಿದ್ದ ಗಾಂಭೀರ್ಯವಿತ್ತು.

ವಿಶ್ವ ಸಮ್ಮೇಳನಗಳು ಬಹುಮಟ್ಟಿಗೆ ದೇಶದ ಪೂರ್ವಭಾಗದಲ್ಲಿ ನಡೆಯುತ್ತಿದ್ದು, ಅಷ್ಟು ದೂರದ ಪ್ರಯಾಣ ಪಶ್ಚಿಮದವರಿಗೆ ದುಬಾರಿಯಾಗುತ್ತಿತ್ತು. ಈ ಕೊರತೆ ನೀಗಲು ಸಂಘ 1948ರಲ್ಲಿ ‘ವೆಸ್ಟರ್‌ಕಾನ್’ ಎಂಬ ಪ್ರಾದೇಶಿಕ ಸಮ್ಮೇಳನವನ್ನು ಒಂದು ದಿನದ ಕಾರ್ಯಕ್ರಮವಾಗಿ ಆರಂಭಿಸಿತು. ಅದು ಬೆಳೆದು ಪಶ್ಚಿಮದ ನಾನಾ ನಗರಗಳಿಗೆ ವರ್ಷವರ್ಷವೂ ಸಂಚರಿಸಿತು.

ಇದೇ ಕಾಲದಲ್ಲಿ ಹುಟ್ಟಿದ ಇನ್ನೊಂದು ಸಂಕಲ್ಪದ ಕತೆ ಸ್ಮರಣೀಯವಾದುದು. ಲಾಸ್ ಏಂಜಲಿಸ್‌ಗೆ ಹೊಂದಿಕೊಂಡ ಸೌತ್ ಗೇಟ್ ಎಂಬ ಪುಟ್ಟ ಪಟ್ಟಣದ ರಿಕ್ ಸ್ನಿಯರಿ, 1958ರ ವಿಶ್ವ ಸಮ್ಮೇಳನ ತಮ್ಮ ಪಟ್ಟಣದಲ್ಲಿಯೇ ಆಗಬೇಕೆಂಬ ಘೋಷಣೆಯನ್ನು ಹತ್ತು ವರ್ಷ ಮೊದಲೇ ಹೊರಡಿಸಿದರು. ಅದು ಅಭಿಮಾನಿ ಪತ್ರಿಕೆಗಳಲ್ಲಿ ಮರಳಿ ಮರಳಿ ಅಚ್ಚಾಗುತ್ತ ಕೊನೆಗೂ ಕೈಗೂಡಿತು. ಪಟ್ಟಣದಲ್ಲಿ ಅಷ್ಟು ದೊಡ್ಡ ಹೋಟೆಲು ಇರಲಿಲ್ಲವಾದ್ದರಿಂದ, ಲಾಸ್ ಏಂಜಲಿಸ್‌ನ ಅಲೆಕ್ಸಾಂಡ್ರಿಯಾ ಹೋಟೆಲನ್ನು ಸಮ್ಮೇಳನದ ಮಟ್ಟಿಗೆ ಸೌತ್ ಗೇಟ್‌ನ ಭಾಗವೆಂದು ಮೇಯರ್ ಘೋಷಣೆಯ ಮೂಲಕ ಸಾರಲಾಯಿತು. ‘ಸೊಲಾಕಾನ್’ ಎಂದು ಕರೆಯಲಾದ ಆ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಆ್ಯನಾ ಮೊಫಟ್ ಎಂಬ ಮಹಿಳೆ.

1950ರ ದಶಕದ ಕೊನೆಯ ಭಾಗದಲ್ಲಿ ಹಾಜರಾತಿ ಇಳಿಮುಖವಾದಾಗ ಸಂಘಕ್ಕೆ ಮತ್ತೆ ಕಳೆ ತಂದವರಲ್ಲಿ ಬೀಜೋ ಟ್ರಿಂಬಲ್ ಅಗ್ರಗಣ್ಯರು. ನಿಂತಿದ್ದ ಮುಖಪತ್ರಿಕೆಗೆ ಅವರು ಮರುಜೀವ ಕೊಟ್ಟರು. 1960ರ ವಿಶ್ವ ಸಮ್ಮೇಳನದಲ್ಲಿ ವಿಜ್ಞಾನ ಕಥಾ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿ, ಮುಂದೆ ಎಲ್ಲ ಸಮ್ಮೇಳನಗಳೂ ಅನುಸರಿಸಿದ ಸಂಪ್ರದಾಯಕ್ಕೆ ಅಡಿಪಾಯ ಹಾಕಿದರು. ‘ಸ್ಟಾರ್ ಟ್ರೆಕ್’ ದೂರದರ್ಶನ ಧಾರಾವಾಹಿ ಎರಡನೆಯ ವರ್ಷದಲ್ಲಿಯೇ ನಿಲ್ಲುವ ಸೂಚನೆ ಕಂಡಾಗ, ಪತಿ ಜಾನ್ ಅವರೊಂದಿಗೆ ಸೇರಿ ದೇಶದಾದ್ಯಂತ ಪತ್ರ ಚಳವಳಿ ನಡೆಸಿ ಅದು ಮೂರನೆಯ ವರ್ಷ ಕಾಣುವಂತೆ ಮಾಡಿದವರೂ ಇವರೇ. ಅಭಿಮಾನಿಗಳ ಸಂಘಟಿತ ಧ್ವನಿಗೆ ವಾಹಿನಿಯೊಂದು ಮಣಿಯಬಹುದೆಂಬುದು ಆಗ ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ತೋರಿಬಂದಿತು.

ಸ್ವಂತ ಸೂರು: 1964–1977

ಬಿಕ್ಸೆಲ್ ಬೀದಿಯ ಕೊಠಡಿ ಕೈಬಿಟ್ಟ ಮೇಲೆ ಸಂಘ ಸದಸ್ಯರ ಮನೆಗಳಲ್ಲಿ, ಸಾರ್ವಜನಿಕ ಸಭಾಂಗಣಗಳಲ್ಲಿ ಸೇರುತ್ತ ಅಲೆಮಾರಿಯಾಯಿತು. ಮನೆಯ ಒಡೆಯರ ಅನುಕೂಲ ನೋಡಬೇಕು, ಗ್ರಂಥಾಲಯವನ್ನು ಡಬ್ಬಿಗಳಲ್ಲಿ ತುಂಬಿಡಬೇಕು, ಹೊಸಬರಿಗೆ ಈ ವಾರದ ಸ್ಥಳ ಯಾವುದೆಂದು ತಿಳಿಸಬೇಕು. ಇಷ್ಟು ತೊಡಕುಗಳ ನಡುವೆ 1960ರ ದಶಕದಲ್ಲಿ ಪಾಲ್ ಟರ್ನರ್ ಅವರು ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದೂ ಅದಕ್ಕೊಂದು ನಿಧಿ ಕೂಡಿಸಬೇಕೆಂದೂ ಸೂಚಿಸಿದಾಗ, ವಾರದ ವಂತಿಗೆಯನ್ನು ಬಿಡಿಕಾಸಿನಲ್ಲಿ ಕೊಡುತ್ತಿದ್ದ ಸದಸ್ಯರಿಗೆ ಅದು ನಿಲುಕದ ಮಾತಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಮಾತನ್ನು ನನಸು ಮಾಡಿದ ಶ್ರಮದಲ್ಲಿ ದೊಡ್ಡ ಪಾಲು ಬ್ರೂಸ್ ಪೆಲ್ಜ್ ಅವರದು. ವೃತ್ತಿಯಿಂದ ಗ್ರಂಥಪಾಲಕರಾಗಿದ್ದ ಪೆಲ್ಜ್, ಸಂಘದ ಲೆಕ್ಕ, ದಾಖಲೆ, ಸಂಗ್ರಹಗಳನ್ನು ಅಚ್ಚುಕಟ್ಟಾಗಿ ಇಡುವುದನ್ನೇ ಸೇವೆಯಾಗಿ ಭಾವಿಸಿದ್ದವರು. ಹಳೆಯ ಪತ್ರಿಕೆ, ಪುಸ್ತಕ, ಮುಖಪುಟದ ಮೂಲಚಿತ್ರಗಳ ಹರಾಜುಗಳಿಂದಲೂ ಸದಸ್ಯರ ದೇಣಿಗೆಗಳಿಂದಲೂ ನಿಧಿ ಬೆಳೆಯಿತು. ಹೆಚ್ಚಿನ ನೆರವು ನೀಡಿದವರನ್ನು ‘ಪೋಷಕ ಸಂತ’ರೆಂದು ಕರೆದು, ವರ್ಷದಲ್ಲೊಂದು ಸಭೆಯನ್ನು ಅವರ ಹೆಸರಿಗೆ ಅರ್ಪಿಸಿ, ಸಭಿಕರೆಲ್ಲ ಒಟ್ಟಾಗಿ ಜಯಕಾರ ಹಾಕುವ ಪದ್ಧತಿ ಬಂತು. ಶ್ರೀಮಂತ ದಾನಿಯೊಬ್ಬನ ಕೃಪೆಯನ್ನು ಕಾಯದೆ, ಸರಕಾರದ ಅನುದಾನವನ್ನು ನೆಚ್ಚದೆ, ಸಾಮಾನ್ಯ ಓದುಗರು ಸುಮಾರು ಹತ್ತು ವರ್ಷ ಪಟ್ಟುಹಿಡಿದು ಕೂಡಿಟ್ಟ ಹಣದಿಂದ 1973ರಲ್ಲಿ ಸ್ಟುಡಿಯೋ ಸಿಟಿಯ ವೆಂಚುರಾ ರಸ್ತೆಯಲ್ಲಿ ಸಂಘದ ಮೊದಲ ಸ್ವಂತ ಕಟ್ಟಡ ಬಂದಿತು. ಸಂಘದ ತೊಂಬತ್ತು ವರ್ಷಗಳ ಸಾಧನೆಗಳಲ್ಲಿ ಇದೇ ಅತ್ಯಂತ ದೊಡ್ಡದು. ವಿಜ್ಞಾನ ಕಥಾಸಕ್ತರ ಸಂಘಗಳು ಎಷ್ಟೋ ದೇಶಗಳಲ್ಲಿದ್ದರೂ, ಸ್ವಂತ ಕಟ್ಟಡ ಹೊಂದಿದವು ಬಹಳ ವಿರಳ.

ಆ ಕಟ್ಟಡ ನಾಲ್ಕೇ ವರ್ಷಗಳಲ್ಲಿ ಸಾಲದಾಯಿತು. 1977ರಲ್ಲಿ ಸಂಘ ನಾರ್ತ್ ಹಾಲಿವುಡ್‌ನ ಬರ್ಬ್ಯಾಂಕ್ ರಸ್ತೆಯ ಹೆಚ್ಚು ವಿಶಾಲವಾದ ನಿವೇಶನಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ಸಭಾಂಗಣಕ್ಕೆ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಹಿಂದಿನ ಕಾರ್ಯಕರ್ತ ಪಾಲ್ ಫ್ರೀಹೇಫರ್ ಅವರ ಹೆಸರನ್ನು ಇಡಲಾಯಿತು. ಸಂಘದ ಅತ್ಯುತ್ತಮ ಸೇವಾಕರ್ತರಿಗೆ ಕೊಡುವ ಇವಾನ್ಸ್–ಫ್ರೀಹೇಫರ್ ಪ್ರಶಸ್ತಿಯಲ್ಲಿಯೂ ಅವರ ಹೆಸರಿದೆ. ವಿಜ್ಞಾನ ಕಥಾ ಕ್ಷೇತ್ರದ ಜೀವಮಾನ ಸಾಧನೆಗಾಗಿ ಆಕರ್‌ಮನ್ ಹೆಸರಿನಲ್ಲಿ ನೀಡುವ ‘ಫಾರಿ’ ಪ್ರಶಸ್ತಿ 1966ರಲ್ಲಿ ಮೊದಲು ಸಂದದ್ದು ಬ್ರಾಡ್‌ಬರಿಗೆ.

ವಾರದ ಬರಹಕೂಟ ‘ಆಪಾ-ಎಲ್’ ಕೂಡ 1964ರ ಕೊಡುಗೆ. ಪ್ರತಿಯೊಬ್ಬ ಸದಸ್ಯನೂ ತಾನು ಬರೆದ ಪುಟಗಳ ಪ್ರತಿಗಳನ್ನು ಗುರುವಾರ ತರುವುದು, ಎಲ್ಲರ ಪುಟಗಳನ್ನೂ ಒಟ್ಟುಗೂಡಿಸಿ ಎಲ್ಲರಿಗೂ ಒಂದೊಂದು ಕಟ್ಟು ಹಂಚುವುದು ಇದರ ಕ್ರಮವಾಗಿತ್ತು. ಮುಂದಿನ ಗುರುವಾರ ಉತ್ತರ, ಪ್ರತ್ಯುತ್ತರ.

ಬೆಳವಣಿಗೆಯ ದಶಕಗಳು: 1972–2011

ನಗರದ ಸುತ್ತ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮ ಬೆಳೆದು, ಪಾಸಡೀನಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನೌಕೆಗಳು ಗ್ರಹಗಳತ್ತ ಹೊರಟ ಈ ದಶಕಗಳಲ್ಲಿ ಸಂಘದ ಸ್ವರೂಪವೂ ಹಿಗ್ಗಿತು. ಲ್ಯಾರಿ ನಿವೆನ್, ಜೆರಿ ಪೂರ್ನೆಲ್ ಮೊದಲಾದ ಲೇಖಕರು ಇದರ ಸದಸ್ಯರಾಗಿದ್ದರು. 1972ರಲ್ಲಿ ಲಾಸ್ ಏಂಜಲಿಸ್‌ನಲ್ಲಿಯೂ, 1984, 1996 ಮತ್ತು 2006ರಲ್ಲಿ ನೆರೆಯ ಅನಾಹೈಮ್‌ನಲ್ಲಿಯೂ ‘ಎಲ್.ಎ.ಕಾನ್’ ಎಂಬ ಹೆಸರಿನಲ್ಲಿ ವಿಶ್ವ ಸಮ್ಮೇಳನಗಳು ನಡೆದವು. ಇವುಗಳನ್ನು ನಡೆಸಿದ ಸಮಿತಿಗಳು ಬೇರೆಯಾಗಿದ್ದರೂ ದುಡಿದವರಲ್ಲಿ ಸಂಘದವರು ಬಹಳ ಮಂದಿ ಇದ್ದರು. 1984ರ ಸಮ್ಮೇಳನಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಬಂದು, ಆ ದಾಖಲೆ ಹಲವು ದಶಕ ಉಳಿಯಿತು. ಸಂಘದ ಸ್ವಂತ ವಾರ್ಷಿಕ ಸಮ್ಮೇಳನವಾದ ‘ಲಾಸ್ಕಾನ್’ 1975ರಲ್ಲಿ ಆರಂಭವಾಗಿ, ಕೆಲವು ವರ್ಷಗಳ ನಂತರ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯದಲ್ಲಿ ನೆಲೆಗೊಂಡಿತು.

ಒಮ್ಮೆ ಸದಸ್ಯನಾದವನಿಗೆ ಸಾವು ಕೂಡ ಬಿಡುಗಡೆ ನೀಡದೆಂಬುದು ಸಂಘದಲ್ಲಿ ರೂಢಿಯಾಗಿರುವ ಮಾತು. 2002ರಲ್ಲಿ ಪೆಲ್ಜ್, 2008ರಲ್ಲಿ ಆಕರ್‌ಮನ್, 2012ರಲ್ಲಿ ಬ್ರಾಡ್‌ಬರಿ ನಿಧನರಾದರು. ಪೆಲ್ಜ್ ಕೂಡಿಟ್ಟಿದ್ದ ಫ್ಯಾನ್‌ಜೀನ್‌ಗಳ ಅಪಾರ ಸಂಗ್ರಹ ಇಂದು ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈಟನ್ ಸಂಗ್ರಹದಲ್ಲಿದ್ದು ಸಂಶೋಧಕರಿಗೆ ದೊರೆಯುತ್ತಿದೆ. ಹಿಂದೊಮ್ಮೆ ಶಾಲೆಯ ಅಧ್ಯಾಪಕರು ಕಸಿದುಕೊಳ್ಳುತ್ತಿದ್ದ ಬಗೆಯ ಬರಹ ವಿಶ್ವವಿದ್ಯಾಲಯದ ಕಪಾಟು ಸೇರುವಷ್ಟರಲ್ಲಿ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ಈಚಿನ ವರ್ಷಗಳು ಮತ್ತು ಮುಂಬರುವ ಕಾರ್ಯಕ್ರಮಗಳು

2011ರಲ್ಲಿ ಸಂಘ ವ್ಯಾನ್ ನೈಸ್‌ನ ಟೈರೋನ್ ರಸ್ತೆಯಲ್ಲಿದ್ದ ಮೂರನೆಯ ಕಟ್ಟಡಕ್ಕೆ ಹೋಯಿತು. ಮುಂದೆ ಅದನ್ನು ಮಾರಿ, ಮತ್ತೆ ಬಾಡಿಗೆಯ ಸ್ಥಳಗಳಲ್ಲಿ ಸೇರತೊಡಗಿತು. ಹಿರಿಯ ಸದಸ್ಯರಿಗೆ ಇದರಿಂದ ನೋವಾದದ್ದು ನಿಜ.  ಆದರೆ ಸೂರಿಲ್ಲದ ಕಾಲದಲ್ಲಿ ಈ ಸಂಘ ಹಿಂದೆಯೂ ಕಾಲು ಶತಮಾನ ಬಾಳಿದೆ. 2020ರಲ್ಲಿ ಕೊರೊನಾ ಸೋಂಕು ಹಬ್ಬಿ ಆ ವರ್ಷದ ಲಾಸ್ಕಾನ್ ನಡೆಯದೆ ಹೋದಾಗಲೂ ಗುರುವಾರದ ಸಭೆಯನ್ನು ಸದಸ್ಯರು ತಮ್ಮ ತಮ್ಮ ಮನೆಗಳಿಂದಲೇ ಜೂಮ್ ಮೂಲಕ ನಡೆಸಿದರು. ಊರು ಬಿಟ್ಟು ಹೋಗಿದ್ದ ಹಳೆಯ ಸದಸ್ಯರು ಇದರಿಂದಾಗಿ ಎಷ್ಟೋ ವರ್ಷಗಳ ಮೇಲೆ ಹಾಜರಿ ಹಾಕುವಂತಾಯಿತು.

ಲಾಸ್ ಏಂಜಲಿಸ್ ಪ್ರದೇಶಕ್ಕೆ ವಿಶ್ವ ಸಮ್ಮೇಳನ ಇಪ್ಪತ್ತು ವರ್ಷಗಳ ಬಳಿಕ ಮರಳುತ್ತಿದ್ದು, ಈ ಸರಣಿಯ ಐದನೆಯದಾದ ಇದನ್ನು 2026ರ ಆಗಸ್ಟ್ 27ರಿಂದ 31ರವರೆಗೆ ಅನಾಹೈಮ್‌ನಲ್ಲಿ ಗೊತ್ತುಪಡಿಸಲಾಗಿದೆ. ಗರ್ನ್ಸ್‌ಬ್ಯಾಕ್ ಅವರ ಹೆಸರಿನಲ್ಲಿ 1953ರಿಂದ ನೀಡಲಾಗುತ್ತಿರುವ, ಸಮ್ಮೇಳನದ ಸದಸ್ಯರೇ ಮತ ಹಾಕಿ ಆರಿಸುವ ಹ್ಯೂಗೋ ಪ್ರಶಸ್ತಿಗಳ ಪ್ರದಾನವೂ ವಿಶ್ವ ಸಮ್ಮೇಳನದಲ್ಲಿಯೇ ನಡೆಯುವುದು ವಾಡಿಕೆ. ನವೆಂಬರ್‌ನ ಲಾಸ್ಕಾನ್ ಎಂದಿನಂತೆ ಸಂಘದ ವರ್ಷದ ದೊಡ್ಡ ಕೂಟ. ಸಂಘದ ಶತಮಾನೋತ್ಸವ 2034ರ ಅಕ್ಟೋಬರ್ 27ಕ್ಕೆ ಬರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಸಾಹಿತ್ಯವನ್ನು ಓದಿ ಬೆಳೆದವರಿದ್ದರೆ, ಶತಮಾನೋತ್ಸವದವರೆಗೆ ಕಾಯದೆ, ಬರುವ ಗುರುವಾರದ ಸಭೆಗೇ ಹೋಗಬೇಕು.